ಹೊಲಿಗೆ ಮೊದಲು, ಪ್ರಾರ್ಥನೆ ಆಮೇಲೆ

ನಮ್ಮ ಸಭೆಯ ವಾರ್ಷಿಕ ವರದಿಯಲ್ಲಿ ಆ ಬೇಸಿಗೆಯ ಬಗ್ಗೆ ಒಂದೇ ಸಾಲು ಇದೆ. 'ಹೊಲಿಗೆ ತರಗತಿಯ ಮೂಲಕ ಸುವಾರ್ತಾ ಸೇವೆ ಕೈಗೊಳ್ಳಲಾಯಿತು, ಫಲ ಕಾಣಲಿಲ್ಲ.' ಓದಿದವರು ನನ್ನ ಕಡೆ ನೋಡದೆ ಓದಿ ಮುಂದಿನ ಪುಟಕ್ಕೆ ಹೋದರು. ನಾನು ಮಾತ್ರ ಅವರನ್ನೇ ನೋಡುತ್ತ ಕೂತಿದ್ದೆ. ಆ ಸಾಲು ಸುಳ್ಳು. ಸುಳ್ಳು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾರಿಗಾದರೂ ಬೇಜಾರಾದರೆ ಆಗಲಿ.

ನಾನು ಪುಣೆಯ ಒಂದು ಶಾಲೆಯಲ್ಲಿ ಮೂವತ್ತು ವರ್ಷ ಹೊಲಿಗೆ ಕಲಿಸಿದವಳು. ಹುಟ್ಟಿದ್ದು ಬೆಟಗೇರಿಯ ಕ್ರೈಸ್ತ ನೇಕಾರರ ಮನೆಯಲ್ಲಿ, ಮದುವೆಯಾಗಿ ಇಲ್ಲಿಗೆ ಬಂದೆ. ನಮ್ಮದು ಸಣ್ಣ ಕನ್ನಡ ಸಭೆ. ಸ್ವಂತ ಚರ್ಚಿಲ್ಲ, ಮರಾಠಿ ಚರ್ಚಿನಲ್ಲಿ ಅವರ ಆರಾಧನೆ ಮುಗಿದ ಮೇಲೆ ಅದೇ ಬೆಂಚುಗಳ ಮೇಲೆ ನಾವು ಕೂರುತ್ತೇವೆ. ಮುಂದಿನ ಸಾಲುಗಳಲ್ಲಿ ನನ್ನಂಥ ಉತ್ತರ ಕರ್ನಾಟಕದ ಹಳೆಯ ತಲೆಗಳು. ಹಿಂದೆ ಗಿಟಾರು, ಪ್ರೊಜೆಕ್ಟರ್ ಜೊತೆಗೆ ಮಗರಪಟ್ಟಾದ ಆಫೀಸುಗಳಲ್ಲಿ ಕೆಲಸ ಮಾಡುವ ಮೈಸೂರು, ಬೆಂಗಳೂರಿನ ಕಡೆಯ ಯುವಕರು. ಆ ವರ್ಷ ಬೇಸಿಗೆಯಲ್ಲಿ ಆರು ವಾರ ಮಿಷನ್ ಕೆಲಸ ಮಾಡಬೇಕೆಂದು ಹೊರಟವರು ಅವರೇ. ಜಾಗ ಆರಿಸಿದ್ದರು: ಮಗರಪಟ್ಟಾದ ಎತ್ತರದ ಕಟ್ಟಡಗಳ ಹಿಂದೆ, ಕಾಲುವೆಯ ಪಕ್ಕದ ಓಣಿ. ವಿಜಯಪುರ, ಕಲಬುರಗಿ ಕಡೆಯಿಂದ ಬಂದ ಮನೆಗಳು ಅಲ್ಲಿ ತುಂಬಾ ಇವೆ. ಹೆಂಗಸರು ಅದೇ ಕಟ್ಟಡಗಳಲ್ಲಿ ಅಡುಗೆ, ಪಾತ್ರೆ, ಕಸ ಅಂತ ದುಡಿಯುತ್ತಾರೆ. ಹೆಂಗಸರನ್ನು ಕರೆತರಲು ಹೊಲಿಗೆ, ಹೊಲಿಗೆ ಕಲಿಸಲು ನಾನು.

ತಂಡದ ಮುಖ್ಯಸ್ಥ ಮೈಸೂರಿನ ಹುಡುಗ, ಇಪ್ಪತ್ತೆಂಟರ ವಯಸ್ಸು, ಒಳ್ಳೆಯವನೇ. ಏಪ್ರಿಲ್ ಬಿಸಿಲಿನಲ್ಲಿ ಸಭೆಯ ಎರಡು ಹೊಲಿಗೆ ಮಷಿನ್‌ಗಳನ್ನು ಟೆಂಪೋದಿಂದ ತಾನೇ ಇಳಿಸಿ ಬೆನ್ನು ಹಿಡಿಸಿಕೊಂಡ. ತರಗತಿಗೆ ಜಾಗ ಕೊಟ್ಟವರು ಓಣಿಯ ಹಿಟ್ಟಿನ ಗಿರಣಿಯ ಮನೆಯವರು, ಇಂಡಿ ಕಡೆಯ ಲಿಂಗಾಯತರು. ಗಿರಣಿಯ ಹಿಂದಿನ ಕೋಣೆ ಖಾಲಿ ಇತ್ತು. ಯಜಮಾನತಿಗೆ ಬ್ಲೌಸ್ ಹೊಲಿಯುವುದನ್ನು ಕಲಿಯುವ ಆಸೆ ಇತ್ತು. ಇಡೀ ಓಣಿ ಆಕೆಯನ್ನು ವೈನಿ, ಅಂದರೆ ಅತ್ತಿಗೆ, ಅನ್ನುತ್ತದೆ, ನಾನೂ ಹಾಗೇ ಅಂದೆ.

ಮೊದಲ ದಿನ ಎರಡು ಗಂಟೆಗೆ ಹನ್ನೊಂದು ಹೆಂಗಸರು ಬಂದರು. ಮುಖ್ಯಸ್ಥ ಹಾಡು ಹೇಳಿಸಿದ, ತಾನು ವಿಶ್ವಾಸಕ್ಕೆ ಬಂದ ಸಾಕ್ಷಿ ಹೇಳಿದ, ಕಣ್ಣು ಮುಚ್ಚಿ ಪ್ರಾರ್ಥಿಸಿದ. ಪಕ್ಕದಲ್ಲಿ ಗಿರಣಿ ಗಡಗಡ ಅನ್ನುತ್ತಿತ್ತು. ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಗಿತ್ತು. ನಾಲ್ಕಕ್ಕೆ ಎಲ್ಲರೂ ಸಂಜೆಯ ಕೆಲಸಕ್ಕೆ ಓಡಬೇಕು. ಹಿಂದೆ ಕೂತಿದ್ದ ಅಡುಗೆ ಕೆಲಸದವಳೊಬ್ಬಳು ಕೇಳಿಯೇ ಬಿಟ್ಟಳು.

"ಅಕ್ಕೋರ, ಕತ್ತರಿ ಇವತ್ತ ಹಿಡಸ್ತೀರೋ, ನಾಳಿಗೇನ್ರಿ?"

ಆಕೆಯ ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ಒಂದು ಹಸಿರು ಖಣವಿತ್ತು, ನಮ್ಮ ಕಡೆಯ ಅಂಚಿನ ಕುಬುಸದ ಬಟ್ಟೆ. ಮಗಳನ್ನು ಇಂದಾಪುರದ ಕಬ್ಬಿನ ಸೀಮೆಗೆ ಕೊಟ್ಟಿದ್ದಳು. ಮಗಳಿಗೆ ಆರು ತಿಂಗಳ ಬಸಿರು. ಜೂನ್ ಮೊದಲ ಶುಕ್ರವಾರ ಅಲ್ಲೇ ಕುಬುಸದ ಕಾರ್ಯ, ಅಂದರೆ ಸೀಮಂತ; ತವರಿನಿಂದ ಹಸಿರು ಸೀರೆ, ಹಸಿರು ಕುಬುಸ ಒಯ್ಯಬೇಕು. "ದರ್ಜಿ ಕಡೆ ಕೊಟ್ರ ಹೊಲದು ಕೊಡ್ತಾನರಿ. ಆದ್ರ ಈ ಕೈಲೆ ಮಂದೀ ಮನ್ಯಾಗ ರೊಟ್ಟಿ ಬಡದಬಡದ ಸಾಕಾಗೇದ. ಇದೊಂದು ನನ್ನ ಮಗಳಿಗಂತ ನಾನ ಮಾಡ್ಬೇಕು," ಅಂದಳು. ಖಣ ಇದ್ದದ್ದು ಒಂದೇ. ಪನ್ನ, ಅಂದರೆ ಬಟ್ಟೆಯ ಅಗಲ, ಸಣ್ಣದು; ಒಂದು ಸಲ ತಪ್ಪಿ ಕತ್ತರಿ ಆಡಿದರೆ ಮುಗಿಯಿತು.

ಅವತ್ತು ಮನೆಗೆ ಬಂದರೂ ಆ ಮುಕ್ಕಾಲು ಗಂಟೆ ನನ್ನನ್ನು ಬಿಡಲಿಲ್ಲ. ಬೆಟಗೇರಿಯ ನಮ್ಮ ಮನೆಯಲ್ಲಿ ಪ್ರಾರ್ಥನೆ ಇಲ್ಲದೆ ತುತ್ತು ಎತ್ತುವಂತಿರಲಿಲ್ಲ. ಆದರೆ ನೂಲಿನ ಸಾಹುಕಾರರೋ, ಪಕ್ಕದ ಮನೆಯ ಗೌಡತಿಯೋ ಊಟಕ್ಕೆ ಕೂತ ದಿನ ಅಜ್ಜಿ ಮೊದಲು ಬಡಿಸಿಬಿಡುತ್ತಿದ್ದಳು. ಬಂದವರು ಉಂಡು ಕೈ ತೊಳೆಯಲು ಎದ್ದಾಗ ನಮಗೆ ಕಣ್ಣಲ್ಲೇ ಸನ್ನೆ. ಬರಿದಾದ ತಟ್ಟೆಗಳ ಮುಂದೆ ನಾವು ಕಣ್ಣು ಮುಚ್ಚುತ್ತಿದ್ದೆವು. ಯಾಕೆ ಅಂತ ಒಮ್ಮೆ ಕೇಳಿದ್ದೆ. "ಎಲಿ ಮುಂದ ಕುಂದರ್ಸಿ ದೇವರ ಹೆಸರು ಹೇಳಿದ್ರ, ಅವರ ಲಕ್ಷ್ಯ ರೊಟ್ಟಿ ಮ್ಯಾಲೆ ಇರ್ತದ, ದೇವರ ಮ್ಯಾಲೆ ಅಲ್ಲ. ಹಸದವರನ್ನ ತಡದು ಕೇಳಸೂದು ಪ್ರಾರ್ಥನಾ ಅಲ್ಲ, ಜುಲುಮಿ," ಅಂದಿದ್ದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ನಮ್ಮ ಸಭೆಯ ಓದಿದವರಿಗಿಂತ ಹೆಚ್ಚು ಗೊತ್ತಿತ್ತು.

ಮರುದಿನ ಯಾರನ್ನೂ ಕೇಳದೆ ಕ್ರಮ ಬದಲಿಸಿದೆ. ಎರಡಕ್ಕೆ ಸರಿಯಾಗಿ ಅಳತೆ ಟೇಪು ಕೈಗೆ ಕೊಟ್ಟೆ. ಹಳೆಯ ಮರಾಠಿ ಪೇಪರುಗಳ ಮೇಲೆ ಗೀಚಿಸಿ, ಪೇಪರನ್ನೇ ಕತ್ತರಿಸಲು ಹಚ್ಚಿದೆ. ನಾಲ್ಕಕ್ಕೆ ಕಾಲು ಗಂಟೆ ಇರುವಾಗ ಕೈ ತಟ್ಟಿ ಹೇಳಿದೆ, "ಹೊಲಿಗಿ ಮುಗೀತು. ಇನ್ನ ನನ್ನ ಪ್ರಾರ್ಥನಾ. ಹೋಗಾವ್ರು ಹೋಗ್ರಿ, ನನಗ ಸಿಟ್ಟಿಲ್ಲ. ಇರಾವ್ರು ಇರ್ರಿ."

ಎಲ್ಲರೂ ಎದ್ದು ಹೋದರು! ವೈನಿ ಕೂಡ ಸೆರಗು ಜಾಡಿಸಿಕೊಂಡು ಚಹಾ ಇಡಲು ಒಳಗೆ ಹೋದಳು. ನಾನು ಪೇಪರಿನ ಚೂರುಗಳ ನಡುವೆ ಒಬ್ಬಳೇ ನಿಂತು, ಇವತ್ತು ಯಾರ ಬೆರಳಿಗೂ ಸೂಜಿ ಚುಚ್ಚಲಿಲ್ಲ, ಸ್ತೋತ್ರ ಸ್ವಾಮೀ, ಕೆಲಸಕ್ಕೆ ಹೋದವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸು ಅಂದು ಕೋಣೆ ಗುಡಿಸಿದೆ. ಹೀಗೇ ದಿನ ಕಳೆದವು. ಅಡುಗೆಯವಳು ಪೇಪರಿನಿಂದ ಹಳೆಯ ಲುಂಗಿಗೆ, ಲುಂಗಿಯಿಂದ ಖಣಕ್ಕೆ ಬಂದಳು. ಮಗಳ ಹಳೆಯ ಬ್ಲೌಸೇ ಅಳತೆ. ಬಸುರಿಯ ಮೈ ತುಂಬಿಕೊಳ್ಳುತ್ತದೆ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಡು, ಬೇಕಾದಾಗ ಬಿಚ್ಚಿಕೊಳ್ಳಲಿ ಅಂತ ತೋರಿಸಿಕೊಟ್ಟೆ. ಖಣಕ್ಕೆ ಕತ್ತರಿ ಹಾಕಿದ ದಿನ ಎಲ್ಲರೂ ತಮ್ಮ ಕೆಲಸ ಬಿಟ್ಟು ಆಕೆಯ ಸುತ್ತ ಬಂದು ಕೂತರು.

ಸುದ್ದಿ ಮುಖ್ಯಸ್ಥನಿಗೆ ಮುಟ್ಟಿತು. "ಆಂಟಿ, ಪ್ರೇಯರ್ ಲಾಸ್ಟಲ್ಲಿ ಇಟ್ರೆ ಯಾರ್ ಇರ್ತಾರೆ ಹೇಳಿ? ಇದು ಮಿಷನ್ ಆಗಲ್ಲ, ಬರೀ ಟೈಲರಿಂಗ್ ಕ್ಲಾಸ್ ಆಗುತ್ತೆ."

"ಯಾರೂ ಇರೂದಿಲ್ಲಪ್ಪಾ. ಅವರಿಗೆ ಬ್ಯಾಡಾದ್ರ ನಾ ಬಾಗಲಾ ಹಾಕ್ಲ್ಯಾ?"

ಹಿರಿಯರ ಕಮಿಟಿ ಕೂಡಿತು. ಸಭಾಪಾಲಕರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಇಬ್ಬರದೂ ಸರಿ ಅಂದರು. ಕೊನೆಗೆ ತೀರ್ಮಾನ: ಮೇ ತಿಂಗಳ ಕೊನೆಯ ಭಾನುವಾರದ ಒಳಗೆ ಪ್ರಾರ್ಥನೆಗೆ ಜನ ಕೂರದಿದ್ದರೆ ಮಷಿನ್‌ಗಳನ್ನು ವಾಪಸು ತರುವುದು. ಆ ಭಾನುವಾರಕ್ಕೂ ಇಂದಾಪುರದ ಶುಕ್ರವಾರಕ್ಕೂ ಐದೇ ದಿನದ ಅಂತರ. ಖಣ ಬರೀ ಕತ್ತರಿಸಿದ ತುಂಡುಗಳಾಗಿ ಬಿದ್ದಿತ್ತು. ಆದರೂ ಕ್ರಮ ಬದಲಿಸಲು ನಾನು ಒಪ್ಪಲಿಲ್ಲ. ನನ್ನದು ಹಟ ಅಂದರು. ಹೌದು, ಹಟವೇ.

ಗಡುವಿನ ಹಿಂದಿನ ದಿನ, ಶನಿವಾರ, ಮುಖ್ಯಸ್ಥ ನೋಡಲು ಬಂದು ಮೂಲೆಯಲ್ಲಿ ಕೂತಿದ್ದ. ನಾನು ಎಂದಿನಂತೆ ಹೋಗಾವ್ರು ಹೋಗ್ರಿ ಅಂದೆ. ಹೆಂಗಸರು ಚೀಲ ಹೆಗಲಿಗೇರಿಸಿ ಎದ್ದಿದ್ದರು. ಅಷ್ಟರಲ್ಲಿ ಗಿರಣಿ ಯಜಮಾನರ ತಮ್ಮ ಓಣಿಯ ಇನ್ನಿಬ್ಬರು ಗಂಡಸರನ್ನು ಕರೆದುಕೊಂಡು ಬಾಗಿಲಲ್ಲಿ ನಿಂತ. ಮೊಬೈಲ್ ಎತ್ತಿ ಹಿಡಿದಿದ್ದ.

"ವೈನಿ, ನಮ್ಮ ಮನ್ಯಾಗ ಏನ್ ನಡಸೀರಿ ಇದು? ಹೊಲಿಗಿ ಹೆಸರ್ಲೆ ಮತಾಂತರ ನಡದದ ಅಂತ ಓಣಿತುಂಬ ಮಾತದ. ಇವತ್ತಿಂದ ಇಲ್ಲಿ ಯಾರೂ ಪ್ರಾರ್ಥನಾಕ್ಕ ಕುಂದರಂಗಿಲ್ಲ. ಎಲ್ಲಾರೂ ಮನಿಗೆ ನಡೀರಿ."

ನನಗೆ ಭಯವೂ ಆಯಿತು, ಸಿಟ್ಟೂ ಬಂತು. ಇವರು ದಿನಾ ಹೋಗುವವರೇ, ಇವತ್ತೂ ಹೊರಟಿದ್ದಾರೆ ಅಂತ ನಾನು ಬಾಯಿ ತೆರೆಯುವ ಮೊದಲೇ ಅಡುಗೆಯವಳು ಹೆಗಲಿನ ಚೀಲ ಇಳಿಸಿ ಚಾಪೆಯ ಮೇಲೆ ಕೂತುಬಿಟ್ಟಳು.

"ಇಷ್ಟ ದಿನಾ ಹೋಗು ಅನ್ನಾವ್ರು ಇದ್ರು, ನಾ ನನ್ನ ಮನಸಿಲೆ ಹೋದೆ. ಇವತ್ತ ಕುಂದರಬ್ಯಾಡ ಅಂತೀರಿ. ಅದಕ್ಕ ಕುಂತೀನಿ. ಏನ್ ಮಾಡ್ತೀರಿ?"

ವೈನಿ ಮೈದುನನ ಮುಂದೆ ಹೋಗಿ ನಿಂತಳು. "ಈ ಕ್ವಾಣಿ ನಂದು. ನೀ ಹಾಕ್ಕೊಂಡ ಪೈಜಾಮಾದ ಹರಕ ಇಲ್ಲೇ ಕೂತು ಹೊಲದೀನಿ, ಆವಾಗ ಯಾವ ಮತಕ್ಕ ಹೋಗಿದ್ದಿಪಾ ನೀ?" ಅಂದು ತಾನೂ ಕೂತಳು. ಒಬ್ಬೊಬ್ಬರಾಗಿ ಹನ್ನೊಂದೂ ಜನ ಕೂತರು, ಹಣೆಯ ಕುಂಕುಮ, ವಿಭೂತಿ, ಕೊರಳ ಕರಿಮಣಿ ಸಮೇತ.

ಅತ್ತ ಮೂಲೆಯಲ್ಲಿ ನಮ್ಮ ಮುಖ್ಯಸ್ಥನ ಮುಖ ಅರಳಿತ್ತು. ಅವನೂ ಮೊಬೈಲ್ ತೆಗೆದಿದ್ದ. ಬಾಗಿಲಲ್ಲಿ ಒಂದು, ಮೂಲೆಯಲ್ಲಿ ಒಂದು. "ಆಂಟಿ, ಎರಡು ಮಾತು ಹೇಳಿ, ಇದೇ ಸಮಯ," ಅಂತ ಪಿಸುಗುಟ್ಟಿದ. ಗಾಳಿ ಬಂದಾಗ ತೂರಿಕೋ ಅನ್ನುವುದು ರಾಶಿಗೆ ಸರಿ. ಮನುಷ್ಯರನ್ನು ತೂರಿಕೊಳ್ಳಲು ನನ್ನಿಂದಾಗದು.

"ಇಬ್ರೂ ಮೊದಲ ಮೊಬೈಲ್ ಕಿಸೇದಾಗ ಇಡ್ರಿ," ಅಂದೆ. ಮೂವತ್ತು ವರ್ಷ ತರಗತಿ ಹಿಡಿದ ದನಿ ಅದು. ಇಬ್ಬರೂ ಇಟ್ಟರು. ಆಮೇಲೆ ಪ್ರತಿದಿನ ಒಬ್ಬಳೇ ಹೇಳುತ್ತಿದ್ದುದನ್ನೇ ಹೇಳಿದೆ. ಇವತ್ತು ಯಾರ ಬೆರಳಿಗೂ ಸೂಜಿ ಚುಚ್ಚಲಿಲ್ಲ, ಸ್ತೋತ್ರ ಸ್ವಾಮೀ, ಕೆಲಸಕ್ಕೆ ಹೋಗುವವರನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸು, ಆಮೆನ್. ಒಂದಕ್ಷರ ಹೆಚ್ಚಿಲ್ಲ. "ಏಳ್ರಿ, ತಡ ಆತು," ಅಂದೆ. ಬಾಗಿಲಲ್ಲಿದ್ದವರು ಇಷ್ಟೇನಾ ಅನ್ನುವಂತೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ದಾರಿ ಬಿಟ್ಟರು.

ಮರುದಿನ ಕಮಿಟಿಯಲ್ಲಿ ಮುಖ್ಯಸ್ಥ ಖುಷಿಯಿಂದ ಎದ್ದು ನಿಂತು, ಹನ್ನೊಂದು ಸಹೋದರಿಯರು ವಿರೋಧದ ನಡುವೆಯೂ ಪ್ರಾರ್ಥನೆಗೆ ಕೂತರು ಅಂದ. ಹಿರಿಯರು ಸ್ತೋತ್ರ ಸ್ತೋತ್ರ ಅಂದರು. ನಾನು ಸುಮ್ಮನಿದ್ದರೆ ಸಾಕಿತ್ತು. ಮಷಿನ್ ಉಳಿಯುತ್ತಿತ್ತು, ಕುಬುಸ ಎರಡು ದಿನದಲ್ಲಿ ಮುಗಿಯುತ್ತಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಸುಮ್ಮನೆ ಕೂತೂ ಇದ್ದೆ. ಆಮೇಲೆ ಆ ಚೀಲ ಕೆಳಗಿಳಿದದ್ದು ಕಣ್ಣ ಮುಂದೆ ಬಂತು. ಆ ಹೆಂಗಸು ಕೂತದ್ದನ್ನು ಕದ್ದು ನಮ್ಮ ಲೆಕ್ಕಕ್ಕೆ ಬರೆಸಿಕೊಳ್ಳುವುದು ಹೇಗೆ?

ಎದ್ದು ನಿಂತೆ. "ಅದನ್ನು ಬರೆಯಬೇಡಿ. ಅವರು ಕೂತದ್ದು ನಮ್ಮ ಕರ್ತನಿಗಾಗಿ ಅಲ್ಲ, ಕೂರಬೇಡ ಅಂದದ್ದಕ್ಕೆ. ಕೂರಲೇಬೇಕು ಅಂತ ನಾವು ಅಂದಿದ್ದರೆ ಎದ್ದು ಹೋಗುತ್ತಿದ್ದರು. ನಾಳೆ ಮತ್ತೆ ಎದ್ದು ಹೋಗುತ್ತಾರೆ, ನೋಡಿ."

ಸೋಮವಾರ ಎಲ್ಲರೂ ಎದ್ದು ಹೋದರು. ನನಗೆ ಹೆಮ್ಮೆಯಾಯಿತು. ಮಂಗಳವಾರ ಬೆಳಿಗ್ಗೆ ಟೆಂಪೋ ಬಂದು ಎರಡೂ ಮಷಿನ್ ಒಯ್ದಿತು. ಮುಖ್ಯಸ್ಥ ತಲೆ ತಗ್ಗಿಸಿ, "ಸಾರಿ ಆಂಟಿ, ನಾನೇನೂ ಮಾಡೋಕಾಗ್ಲಿಲ್ಲ," ಅಂದ. ಮಧ್ಯಾಹ್ನ ಬಂದ ಅಡುಗೆಯವಳು ಖಾಲಿ ಜಾಗ ನೋಡಿ ಗೋಡೆಗೆ ಒರಗಿ ನಿಂತಳು. ಶುಕ್ರವಾರಕ್ಕೆ ಮೂರು ದಿನ.

"ಮಷಿನ್ ಬರೂಕಿಂತ ಮೊದಲು ಮಂದಿ ಮೈ ಮುಚಗೋತಿದ್ದಿಲ್ಲೇನ?" ಅಂದೆ. ಸೂಜಿ ಕೊಟ್ಟೆ. ಅಜ್ಜಿ ನನಗೆ ಕಲಿಸಿದ ಒತ್ತೊತ್ತಾದ ಕೈಹೊಲಿಗೆಯನ್ನು ಪಕ್ಕದಲ್ಲಿ ಕೂತು ತೋರಿಸಿದೆ. ದರ್ಜಿಗೆ ಕೊಡೋಣ ಅಂತ ವೈನಿ ಅಂದದ್ದಕ್ಕೆ ಆಕೆ ಕಿವಿಗೊಡಲಿಲ್ಲ. ರೊಟ್ಟಿ ಬಡಿದು ದಪ್ಪಗಾದ ಬೆರಳುಗಳಿಗೆ ಸೂಜಿ ಹಿಡಿತಕ್ಕೆ ಸಿಗದೆ ಜಾರುತ್ತಿತ್ತು. ಬೈದುಕೊಂಡಳು, ಬಿಚ್ಚಿದಳು, ಮತ್ತೆ ಹೊಲಿದಳು. ಗುರುವಾರ ಮೂರೂವರೆಗೆ ಕೊನೆಯ ಹುಕ್ಕು ಕೂತಿತು. ಎರಡು ಬೆರಳಿನ ಬಟ್ಟೆ ಒಳಗೆ ಹಾಗೇ ಇತ್ತು.

"ನೀವ ಬರಬೇಕ್ರಿ ಅಕ್ಕೋರ," ಅಂದಳು. ಹೋದೆ. ಕುಬುಸದ ಕಾರ್ಯದಲ್ಲಿ ಅರಿಷಿಣ, ಕುಂಕುಮ, ಆರತಿ ಎಲ್ಲ ಇರುತ್ತದೆ, ಸಭೆಯವರಿಗೆ ಗೊತ್ತಾದರೆ ಅಂತ ಯಾರೋ ಎಚ್ಚರಿಸಿದರು. ಗೊತ್ತಾಗಲಿ ಅಂದೆ. ಕೆಂಪು ಬಸ್ಸಿನಲ್ಲಿ ಬುತ್ತಿಯ ಗಂಟು ಕಾಲಬುಡದಲ್ಲಿಟ್ಟುಕೊಂಡು, ನಮ್ಮ ಅಜ್ಜಿಯ ಊಟದ ಪ್ರಾರ್ಥನೆಯ ಕತೆ ಮಾತಾಡುತ್ತ ಇಬ್ಬರೂ ಇಂದಾಪುರ ಮುಟ್ಟಿದೆವು. ಮಗಳು ಕುಬುಸ ತೊಟ್ಟು ಹೊರಬಂದಳು. ಒಂದು ಪಕ್ಕ ಬಿಗಿಯಾಗಿತ್ತು. ಅವ್ವ ಅಲ್ಲೇ ಒಂದು ಎಳೆ ಬಿಚ್ಚಿ ಸರಿಮಾಡಿದಳು.

ಆಮೇಲೆ ಅಂಗಳದಲ್ಲಿ ಪಂಕ್ತಿ ಕೂತಿತು. ಹೋಳಿಗೆ ಬಡಿಸಿದರು. ನಾನು ಅಜ್ಜಿಯ ರೂಢಿಯಂತೆ, ಎಲ್ಲರೂ ಉಂಡಾದ ಮೇಲೆ ಮನಸ್ಸಿನಲ್ಲೇ ಹೇಳಿಕೊಂಡರಾಯಿತು ಅಂದುಕೊಂಡು ಕೈ ಚಾಚಿದ್ದೆ. ಬಡಿಸುತ್ತಿದ್ದ ಅಡುಗೆಯವಳು ಸೌಟು ಮೇಲೆತ್ತಿ, ಸ್ವಲ್ಪ ತಡೆಯಿರಿ ಅಂತ ಬೀಗರಿಗೆಲ್ಲ ಕೇಳುವಂತೆ ಮರಾಠಿಯಲ್ಲಿ ಕೂಗಿದಳು. "ಥೋಡಂ ಥಾಂಬಾ!"

ಉಣ್ಣಲು ಚಾಚಿದ್ದ ಕೈಗಳನ್ನು ಎಲ್ಲರೂ ಹಿಂದಕ್ಕೆ ತೆಗೆದುಕೊಂಡರು. ಆಕೆ ನನ್ನ ಕಡೆ ತಿರುಗಿದಳು.

"ಅಕ್ಕೋರ, ನೀವು ಉಣ್ಣೂಕಿಂತ ಮೊದಲ ಪ್ರಾರ್ಥನಾ ಮಾಡಾವ್ರು. ನಮ್ಮ ಸಲುವಾಗಿ ಬ್ಯಾಸಿಗಿತುಂಬ ಹಿಂದ ಇಟ್ರಿ. ಇವತ್ತ ಮೊದಲ ಮಾಡ್ರಿ. ನಾವು ತಡೀತೀವಿ."

ಬೇಡ, ಅನ್ನ ಆರುತ್ತದೆ, ಎಲ್ಲರೂ ಉಣ್ಣಲಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಕೈ ಮುಗಿದು, ಬೆಟಗೇರಿಯ ಮನೆಯಲ್ಲಿ ಕಲಿತ ಊಟದ ಪ್ರಾರ್ಥನೆಯನ್ನು ಬಾಯಿ ಬಿಟ್ಟು, ಗಟ್ಟಿಯಾಗಿ, ಕನ್ನಡದಲ್ಲಿ, ಒಂದು ಮಾತನ್ನೂ ಮೊಟಕು ಮಾಡದೆ ಹೇಳಿದೆ. ಸಾರು ಆರಿತು. ನಾನು ಕಣ್ಣು ತೆರೆಯುವತನಕ ಯಾರೂ ಎಲೆಗೆ ಕೈ ಹಾಕಿರಲಿಲ್ಲ.