ಹಾಡುಗಳ ನಡುವಿನ ಮಾತು

ನಮ್ಮ ಬ್ಯಾಂಡ್ ನಿಂತುಹೋಗಿ ಎಷ್ಟೋ ವರ್ಷಗಳಾದ ಮೇಲೆ ಈಗ ಅದರ ದಾಖಲೆ ಬೇಕಂತೆ. ಹಳೆಯ ಸಂಗೀತವನ್ನು ಸಂಗ್ರಹಿಸುವ ಬೆಂಗಳೂರಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, ದಾವಣಗೆರೆಯಲ್ಲಿ ಹೆಂಗಸರೇ ಕಟ್ಟಿದ ರಾಕ್ ಬ್ಯಾಂಡ್ ಇತ್ತೆಂಬುದೇ ದೊಡ್ಡ ವಿಷಯ, ಏನಿದ್ದರೂ ಕಳಿಸಿ ಎಂದಳು. ನಾವು ನುಡಿಸುತ್ತಿದ್ದಾಗ ಯಾರಿಗೂ ಅದು ದೊಡ್ಡ ವಿಷಯ ಆಗಿರಲಿಲ್ಲ. ಗಿಟಾರ್ ಹಿಡಿದವರೆಲ್ಲ ಆರ್ಕೆಸ್ಟ್ರಾದವರೇ ಎಂದು ತಿಳಿದ ಊರು ನಮ್ಮದು. ಗಣಪತಿ ಪೆಂಡಾಲಿನಲ್ಲಿ ನಾವೇ ಬರೆದ ಹಾಡು ಶುರು ಮಾಡಿದರೆ ಮುಂದಿನ ಸಾಲಿನಿಂದ ಸಿನಿಮಾ ಹಾಡು ಕೇಳಿ ಚೀಟಿ ಬರುತ್ತಿತ್ತು.

ಇದ್ದವರು ನಾಲ್ವರು. ಹಾಡುತ್ತಿದ್ದವಳು ಈಗ ಶಾಲೆಯೊಂದರ ಹೆಡ್‌ಮಿಸ್, ಆ ಸುದ್ದಿ ಎತ್ತಿದರೆ ಮಾತು ತೇಲಿಸುತ್ತಾಳೆ. ಡ್ರಮ್ಸ್ ಬಾರಿಸುತ್ತಿದ್ದವಳು ವಾಟ್ಸಾಪಿನಲ್ಲಿ ಒಂದು ಹೆಬ್ಬೆರಳು ಕಳಿಸಿ ಕೈ ತೊಳೆದುಕೊಂಡಳು. ಬೇಸ್ ಗಿಟಾರ್ ನುಡಿಸುತ್ತಿದ್ದ ಹರಿಹರದ ಗೆಳತಿ, ಎಲ್ಲರ ಕೈಗೂ ವಿಡಿಯೋ ತೆಗೆಯುವ ಫೋನ್ ಬರುವ ಮೊದಲೇ ಕಾಯಿಲೆ ಬಿದ್ದು ತೀರಿಕೊಂಡಳು. ಹಾಗಾಗಿ ಕೆಲಸವೆಲ್ಲ ಗಿಟಾರ್ ನುಡಿಸುತ್ತಿದ್ದ ನನ್ನ ಹೆಗಲಿಗೆ ಬಿತ್ತು. ಅಟ್ಟ ಹತ್ತಿ ಧೂಳು ಕುಡಿದು, ಪೋಸ್ಟರು, ಫೋಟೋ, ಕ್ಯಾಸೆಟ್ಟು ಬೇರೆ ಬೇರೆ ಮಾಡುವಷ್ಟರಲ್ಲಿ ಸಾಕೋ ಸಾಕಾಯಿತು. ನಿಜ ಹೇಳಬೇಕೆಂದರೆ, ಎಲ್ಲವನ್ನೂ ಸುಟ್ಟುಹಾಕೋಣ ಅನ್ನಿಸಿದ್ದೂ ಉಂಟು.

ಹಾಗೆ ಮಾಡದಿರಲು ಕಾರಣ ಆ ಗೆಳತಿಯ ತಾಯಿ. ಸುದ್ದಿ ಹೇಗೋ ಅವರ ಕಿವಿಗೆ ಬಿದ್ದು, ಹರಿಹರದಿಂದ ಫೋನ್ ಮಾಡಿದ್ದರು.

"ಆ ಕ್ಯಾಸೆಟ್ಟಿನಾಗೆ ಆಕಿ ಮಾತಾಡಿದ್ದು ಐತೇನು ಯವ್ವಾ? ಫೋಟೋದಾಗೆ ಮುಖ ಐತೆ. ದನಿ ಮರೀತಾ ಬಂದೈತೆ ನನಗೆ."

ಐತೆ ಎಂದೆ. ಇದ್ದೇ ಇತ್ತು. ದಾವಣಗೆರೆಯ ಆನೆಕೊಂಡದ ಖಾಲಿ ಹತ್ತಿ ಗೋದಾಮೊಂದರಲ್ಲಿ ನಮ್ಮ ಅಭ್ಯಾಸ. ಟೇಪ್‌ರೆಕಾರ್ಡರಿನ ಬಟನ್ ಚಮಚದ ಹಿಡಿಯಿಂದ ಒತ್ತಿದರೆ ಮಾತ್ರ ಕೂರುತ್ತಿತ್ತು, ಆದ್ದರಿಂದ ಒಮ್ಮೆ ಒತ್ತಿದರೆ ಕ್ಯಾಸೆಟ್ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಹಾಡಿನ ಜೊತೆಗೆ ನಮ್ಮ ಜಗಳ, ಚಹಾ, ಕರೆಂಟು ಹೋದಾಗಿನ ಗೊಣಗಾಟ ಎಲ್ಲವೂ ಬ್ಯಾಟರಿ ಸೆಲ್ಲಿನ ದಯೆಯಿಂದ ಅದರೊಳಗೆ ಸೇರಿತ್ತು. ಗೆಳತಿ ಮೈಕಿನ ಮುಂದೆ ಒಂದು ಸಾಲೂ ಹಾಡಿದವಳಲ್ಲ. ಆದರೆ ಹಾಡು ನಿಂತಿತೋ, ಅವಳ ಬಾಯಿ ಶುರುವಾಗುತ್ತಿತ್ತು.

ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಹರಿಹರದ ಬಸ್ ಹತ್ತಿದೆ. ಅಲ್ಲೊಬ್ಬರು ಸ್ಟುಡಿಯೋ ಇಟ್ಟುಕೊಂಡು, ಭಜನಾ ಮಂಡಳಿಗಳ ಹಳೆಯ ಕ್ಯಾಸೆಟ್ಟುಗಳನ್ನು ಪೆನ್‌ಡ್ರೈವಿಗೆ ಹಾಕಿಕೊಡುತ್ತಾರೆ. ಒಂದು ಹಾಡೂ ಹಾಳಾಗಬಾರದು ನೋಡ್ರಿ ಎಂದಷ್ಟೇ ಹೇಳಿ ಬಂದೆ.

ಮುಂದಿನ ವಾರ ಹೋಗಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಾಡಿನ ಬೆನ್ನಿಗೆ ಹಾಡು. ನಡುವೆ ಒಂದು ಉಸಿರೂ ಇಲ್ಲ.

"ಮಾತೆಲ್ಲಿ ಹೋದುವ್ರೀ?"

"ಎಲ್ಲಾ ಕ್ಲೀನ್ ಮಾಡೀನಿ ಮೇಡಂ," ಎಂದರು ಅವರು ಸಂತೋಷದಿಂದ. "ಭಜನೆಯೋರೂ ಹಂಗೇ ಕೇಳ್ತಾರೆ. ಕೆಮ್ಮಿದ್ದು, ಹರಟೆ ಹೊಡ್ದಿದ್ದು, ಒಂದೂ ಬಿಟ್ಟಿಲ್ಲ, ತೆಗ್ದುಬಿಟ್ಟೀನಿ."

"ಕ್ಯಾಸೆಟ್ಟು?"

"ಕಾಪಿ ಆದ್ಮ್ಯಾಲೆ ಯಾರೂ ವಾಪಸ್ ಒಯ್ಯಲ್ರಿ. ಗುಜರಿಗೆ ಹಾಕ್ದೆ. ಕಂಪ್ಯೂಟರಿನಾಗೂ ಕ್ಲೀನ್ ಮಾಡಿದ್ದಷ್ಟೇ ಐತೆ."

 ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ ಅಲ್ಲೇ ಸ್ಟೂಲಿನ ಮೇಲೆ ಕೂತೆ. ಸತ್ತವಳ ತಾಯಿ ಕಾಯುತ್ತಿದ್ದಾರೆ ಎಂದು ಹೇಳಿದೆ.  ಆ ಮನುಷ್ಯ ಬಗ್ಗಿ ಟೇಬಲ್ಲಿನ ಕೆಳಗೆ ಕೈ ಹಾಕಿ, ಬೂಷ್ಟು ಹಿಡಿದ ಒಂದು ಕ್ಯಾಸೆಟ್ ತೆಗೆದರು.

"ಇದೊಂದು ಓಡ್ಸಿಲ್ಲ. ರೀಲು ಸೀಳೈತೆ. ಒಂದು ಸಲ ಓಡಬಹುದು, ಇನ್ನೊಂದು ಸಲ ಹೇಳಾಕಾಗಲ್ಲ."

ಬೆಂಗಳೂರಿನವಳಿಗೆ ಫೋನ್ ಮಾಡಿದೆ. ಹಾಡುಗಳು ಬಂದಿವೆಯಲ್ಲ, ಸಾಕು ಬಿಡಿ ಎಂದಳು. ಅವಳ ಕೆಲಸ ಮುಗಿದಿತ್ತು. ನನಗೂ ಬಸ್ ಹಿಡಿದು ಮನೆಗೆ ಹೋಗಿ ಮಲಗಿಬಿಡಬೇಕು ಅನ್ನಿಸಿತ್ತು. ಈ ಕ್ಯಾಸೆಟ್ಟಿನಲ್ಲೂ ಗೆಳತಿಯ ಮಾತು ಇಲ್ಲದಿದ್ದರೆ ಆ ತಾಯಿಗೆ ಏನೆಂದು ಹೇಳಲಿ?

"ಆಯಮ್ಮನ ಎದುರಿಗೇ ಹಚ್ಚೋಣ್ರಿ," ಎಂದರು ಸ್ಟುಡಿಯೋದವರು. "ಕಂಪ್ಯೂಟರಿನಾಗೆ ರೆಕಾರ್ಡೂ ಆಗತೈತೆ, ಅವ್ರೂ ಕೇಳ್ತಾರೆ. ಬ್ಯಾಡ ಅನ್ನಬ್ಯಾಡ್ರಿ." ಅಂಗಡಿಗೆ ಬೀಗ ಹಾಕಿ, ಯಂತ್ರ, ಲ್ಯಾಪ್‌ಟಾಪು, ಸ್ಪೀಕರು ಎಲ್ಲವನ್ನೂ ಸ್ಕೂಟರಿಗೆ ಕಟ್ಟಿದರು. ನಾನು ಹಿಂದೆ ಆಟೋದಲ್ಲಿ ಹೋದೆ.

ತಾಯಿಗೆ ಮಂಡಿನೋವು. ಕುರ್ಚಿ ಬಿಟ್ಟು ಏಳುವುದು ಕಷ್ಟ. "ಕೂಡ್ರಿ, ಕೂಡ್ರಿ" ಎಂದು ಕೂತಲ್ಲಿಂದಲೇ ಉಪಚಾರ ಮಾಡಿದರು. ರೀಲು ಒಂದೇ ಸಲ ಓಡಬಹುದು, ಮಗಳ ದನಿ ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು ಎಂದು ಬಿಡಿಸಿ ಹೇಳಿದೆ. ತಲೆಯಾಡಿಸಿ ಸೆರಗನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡರು.

ಮೊದಲು ಬರೀ ಸುಯ್ಯೆನ್ನುವ ಸದ್ದು. ಆಮೇಲೆ ಹಾಡು. ನನ್ನ ಗಿಟಾರ್ ಶ್ರುತಿ ತಪ್ಪಿ ಅರಚುತ್ತಿತ್ತು, ನನಗೇ ನಾಚಿಕೆಯಾಯಿತು. ಇನ್ನೊಂದು ಹಾಡು. ರೀಲು ಒಂದೆಡೆ ತಡವರಿಸಿದಾಗ ಸ್ಟುಡಿಯೋದವರು ಯಂತ್ರದ ಮೇಲೆ ಬಗ್ಗಿದರು. ಮತ್ತೆ ಓಡಿತು. ಹಾಡು ಮುಗಿಯಿತು, ಯಾರೋ ಕೆಮ್ಮಿದರು. ಆಗ ಬಂತು.

"ಲೇ, ಶ್ರುತಿ ಮಾಡ್ಕಳೇ ಮೊದ್ಲು. ಯಾರಿಗೆ ಹೆದರ್ಸಾಕೆ ಬಾರಿಸ್ತೀಯ ಹಂಗೆ?" ಗೋದಾಮಿನಲ್ಲಿ ನಗು. ನಾನೂ ನಗುತ್ತಿದ್ದೆ, ಆ ನಗು ಕೇಳಿ ಈಗ ಅಳು ಬಂತು. ಅವಳ ದನಿ ಇನ್ನೂ ಹತ್ತಿರ ಬಂತು. "ತಿನ್ನಾಕೇನಾದ್ರೂ ಐತೇನ್ರೇ? ಮುಂಜಾನಿಂದ ಏನೂ ತಿಂದಿಲ್ಲ ನಾನು."

ತಾಯಿ ಎದ್ದುಬಿಟ್ಟರು. ಗೋಡೆ ಹಿಡಿದುಕೊಂಡು, ನಮ್ಮ ಕಡೆ ನೋಡದೆ ಒಳಗೆ ಹೋದರು. ಕಣ್ಣೊರೆಸಿಕೊಳ್ಳಲು ಹೋದರೆಂದುಕೊಂಡೆ. ಅಡುಗೆಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಇಲ್ಲಿ ಮುಂದಿನ ಹಾಡು ಶುರುವಾಗಿತ್ತು, ಕಂಪ್ಯೂಟರಿನ ಪರದೆಯ ಮೇಲೆ ಗೆರೆಗಳು ಓಡುತ್ತಿದ್ದವು.

ಒಗ್ಗರಣೆ ಮಂಡಕ್ಕಿ ತುಂಬಿದ ತಟ್ಟೆ ಹಿಡಿದು ಬಂದರು. "ಮುಂಜಾನಿಂದ ತಿಂದಿಲ್ವಂತೆ," ಎಂದರು. ನನ್ನನ್ನು ನೋಡಿದರು, ಸ್ಟುಡಿಯೋದವರನ್ನು ನೋಡಿದರು, ಸ್ಪೀಕರನ್ನು ನೋಡಿದರು. ತಟ್ಟೆಯನ್ನು ಯಾರ ಮುಂದೆ ಇಡಬೇಕೆಂದು ತಿಳಿಯದೆ ಬಾಗಿಲಲ್ಲೇ ನಿಂತುಬಿಟ್ಟರು.