ಸೀನಿಗೊಂದು ಚಮಚ

ನನ್ನ ದೊಡ್ಡಮ್ಮನ ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ಅಂತಸ್ತಿನ ತಂತಿ ಗೂಡುಗಳು. ಗೂಡಿಗೆ ನಾಲ್ಕರಂತೆ ಮುನ್ನೂರು ಮೊಟ್ಟೆಕೋಳಿಗಳು. ದೊಡ್ಡಮ್ಮ ಅವನ್ನು ಕೋಳಿ ಎಂದದ್ದೇ ಇಲ್ಲ; ‘ನಮ್ಮ ಹುಡುಗೀರು’. ಒಬ್ಬಳು ಸೀನಿದರೆ ಸಾಕು, ಆಂಟಿಬಯಾಟಿಕ್ ಡಬ್ಬ ತೆಗೆದು ಕುಡಿಯುವ ನೀರಿನ ಡ್ರಮ್ಮಿಗೆ ಒಂದು ಚಮಚ ಪುಡಿ ಸುರಿಯುವಳು. ಮೋಡ ಕವಿದರೆ ಅರ್ಧ ಚಮಚ, ಮುಂಜಾಗ್ರತೆಗೆ.

“ಡಾಕ್ಟರನ್ನ ಒಂದ್ಮಾತು ಕೇಳಿ ಅತ್ತೆ,” ಎಂದು ಸೊಸೆ ಹೇಳಿದರೆ, “ನೀನು ಮೊದ್ಲು ಹಾಲು ಉಕ್ಕದ ಹಾಗೆ ಕಾಯ್ಸೋದು ಕಲಿ,” ಎನ್ನುವಳು.

ಒಂದು ದಿನ ಗೂಡು ತೊಳೆಯುವಾಗ ತಂತಿ ಅವಳ ಬಲಗೈ ತೋರುಬೆರಳಿಗೆ ಚುಚ್ಚಿತು. “ಹುಡುಗೀರಿಗೆ ಆಗೋದು ನನಗಾಗಲ್ವಾ?” ಎಂದು ಅದೇ ಪುಡಿಯನ್ನು ಚಿಟಿಕೆಯಷ್ಟು ಕಾಫಿಗೆ ಹಾಕಿಕೊಂಡು ಕುಡಿದಳು. ಐದನೆಯ ದಿನಕ್ಕೆ ಬೆರಳು ಬದನೆಕಾಯಿಯಂತಾಯಿತು.

ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಒಂದು ಮಾತ್ರೆ ಕೊಟ್ಟರು, ಆಮೇಲೆ ಇನ್ನೊಂದು. ಊತ ಜಗ್ಗಲಿಲ್ಲ. ಕೀವಿನ ಪರೀಕ್ಷೆಯ ವರದಿ ನೋಡಿ, “ಅಮ್ಮಾ, ನೀವೇನು ಕೆಲಸ ಮಾಡ್ತೀರಿ?” ಎಂದರು. ಸೊಸೆ ಚೀಲದಿಂದ ಡಬ್ಬ ತೆಗೆದು ಮೇಜಿನ ಮೇಲಿಟ್ಟಳು. ಡಾಕ್ಟರು ಹೇಳಿ ಕಳಿಸಿದ ಪಶುವೈದ್ಯೆ ಶೆಡ್ಡಿಗೆ ಬಂದು ಕೋಳಿಗಳ ಹಿಕ್ಕೆ ಪರೀಕ್ಷಿಸಿದಾಗ ಅಲ್ಲೂ ಕೀವಿನಲ್ಲಿದ್ದ ಅದೇ ಬ್ಯಾಕ್ಟೀರಿಯಾ.

“ಚೂರು ಚೂರು ಔಷಧಿ ಕೊಟ್ಟು ಈ ಬ್ಯಾಕ್ಟೀರಿಯಾನ ಪಳಗಿಸಿದೀರಿ,” ಎಂದರು ಡಾಕ್ಟರು. “ಸಾಯೋವು ಸತ್ತು, ಜಗ್ಗದವು ಉಳ್ಕೊಂಡು ಸಂಸಾರ ಬೆಳೆಸಿವೆ. ಕೋಳಿಗಳನ್ನ ಒತ್ತೊತ್ತಾಗಿ ಕೂಡಿಹಾಕಿದ್ರೆ ಹರಡೋದೂ ಸುಲಭ.”

“ಅಂದ್ರೆ ಗಟ್ಟಿಮುಟ್ಟಾಗಿ ಸಾಕಿದೀನಿ ಅನ್ನಿ,” ಎಂದಳು ದೊಡ್ಡಮ್ಮ, ತುಸು ಹೆಮ್ಮೆಯಿಂದಲೇ.

“ಹೌದು. ಇನ್ನೊಂದು ಇಂಜೆಕ್ಷನ್ ಉಳಿದಿದೆ. ಅದಕ್ಕೂ ಬಗ್ಗದಿದ್ರೆ ಬೆರಳು ತೆಗೀಬೇಕು.”

ದೊಡ್ಡಮ್ಮ ಬೆರಳನ್ನೇ ನೋಡಿದಳು. “ಇದಿಲ್ಲದೆ ಸೊಸೇನ ಬೈಯೋದು ಹೇಗೆ ಡಾಕ್ಟ್ರೇ?” ಎಲ್ಲರೂ ನಕ್ಕರು. ಅವಳ ಇನ್ನೊಂದು ಕೈ ನನ್ನ ಕೈಯನ್ನು ಬಿಡಲೇ ಇಲ್ಲ.

ಏಳು ದಿನ ಇಂಜೆಕ್ಷನ್ ಕೊಟ್ಟರು. ನಾನು ದೇವರನ್ನು ಬೇಡಿಕೊಂಡೆ. ಸೊಸೆ ಶೆಡ್ಡು ನೋಡಿಕೊಂಡಳು. ಎಂಟನೆಯ ದಿನ ಊತ ಇಳಿಯಿತು. ತುದಿ ಮಡಚಲು ಬಾರದಿದ್ದರೂ ಬೆರಳು ಉಳಿಯಿತು.

ಮನೆಗೆ ಬಂದವಳೇ ದೊಡ್ಡಮ್ಮ ಡಬ್ಬವನ್ನು ಪಶುವೈದ್ಯೆಯ ಕೈಗಿತ್ತಳು. ಅರ್ಧದಷ್ಟು ಕೋಳಿಗಳನ್ನು ಕೊಟ್ಟುಬಿಟ್ಟು, ಗೂಡು ಕಿತ್ತುಹಾಕಿಸಿ, ನೆಲಕ್ಕೆ ಹೊಟ್ಟು ಹರಡಿಸಿದಳು. ಹುಡುಗೀರನ್ನು ಕೆಳಗೆ ಬಿಟ್ಟರೆ, ಅವು ನಾಲ್ಕು ನಾಲ್ಕಾಗಿ ಮೈಗೆ ಮೈ ಅಂಟಿಸಿಕೊಂಡು ನಿಂತುಬಿಟ್ಟವು.

“ಓಡಾಡ್ರೇ! ಯಾರು ಹಿಡ್ಕೊಂಡಿದಾರೆ ನಿಮ್ಮನ್ನ?”

“ನಡೆದು ಗೊತ್ತಿದ್ರೆ ತಾನೇ ಅತ್ತೆ?” ಎಂದಳು ಸೊಸೆ.

ದೊಡ್ಡಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. “ಸರಿ, ನೀನೂ ಸೆರಗು ಸಿಗಿಸ್ಕೊಂಡು ಬಾ. ತೋರ್ಸೋಣ.”

ಅತ್ತೆ ಮುಂದೆ, ಸೊಸೆ ಹಿಂದೆ, ಕೊಕ್ಕೊಕ್ಕೋ ಎನ್ನುತ್ತ ಶೆಡ್ಡಿನ ಉದ್ದಕ್ಕೂ ನಡೆದರು. ಹುಡುಗೀರು ಕತ್ತು ಓರೆ ಮಾಡಿ ನೋಡುತ್ತ ನಿಂತವು. ಮೂರನೆಯ ಸುತ್ತಿಗೆ ಅವುಗಳಲ್ಲೊಂದು ಹೆಜ್ಜೆಯಿಡಲು ಕಾಲೆತ್ತಿತು.