ಮರದ ಮೀನಿನ ಸೀಮೆಯವಳು

ಹನೋಯಿಯ ಗಲ್ಲಿಯೊಂದರ ಮೂಲೆಯಲ್ಲಿ ಲಾಯ್ ಹಾವುಮೀನಿನ ಗಂಜಿ ಮಾರುತ್ತಿದ್ದಳು. ಯಾವೂರು ಎಂದು ಯಾರಾದರೂ ಕೇಳಿದರೆ, "ಇಲ್ಲೇ, ನದಿಯಾಚೆ" ಎಂದು ಮಾತು ಹಾರಿಸುತ್ತಿದ್ದಳು. ನಿಜಕ್ಕೂ ಅವಳು ದೂರದ ನ್ಗೆ ಸೀಮೆಯವಳು. ಮದುವೆಯಾಗಿ ಬಂದ ಹೊಸತರಲ್ಲಿ ಹೊಲಿಗೆ ಕಾರ್ಖಾನೆಗೆ ಹೋಗುತ್ತಿದ್ದಳು. ಅಲ್ಲಿ ಊಟದ ಡಬ್ಬಿ ತೆರೆದರೆ ಸಾಕು, "ಏ ಮರದ ಮೀನು, ಇವತ್ತಾದ್ರೂ ನಿಜವಾದ್ದು ತಂದ್ಯಾ?" ಎಂದು ಜತೆಯವರು ನಗುತ್ತಿದ್ದರು. ಆ ಸೀಮೆಯ ಬಡ ಹುಡುಗರು ಹಿಂದೆ ಪಟ್ಟಣಕ್ಕೆ ಓದಲು ಬರುವಾಗ ಮರದಲ್ಲಿ ಕೆತ್ತಿದ ಮೀನು ತರುತ್ತಿದ್ದರಂತೆ; ಬರಿಯನ್ನದ ಪಕ್ಕ ಅದನ್ನಿಟ್ಟುಕೊಂಡು ಮಾನ ಉಳಿಸಿಕೊಳ್ಳುತ್ತಿದ್ದರಂತೆ. ಹೆಸರು ಇಡೀ ಸೀಮೆಗೇ ಅಂಟಿತ್ತು. ಲಾಯ್ ಕಷ್ಟಪಟ್ಟು ಹನೋಯಿಯವರ ಹಾಗೆ ನಾಲಿಗೆ ತಿರುಗಿಸಿಕೊಂಡಳು. ಅಂಗಡಿ ಇಟ್ಟ ಮೇಲಂತೂ ಅಪ್ಪಿತಪ್ಪಿಯೂ ಊರಿನ ಮಾತು ಹೊರಬೀಳಲಿಲ್ಲ.

ಒಂದು ಬೆಳಿಗ್ಗೆ ಬೈಕಿನವನೊಬ್ಬ ಹಿಂದೆ ನೋಡದೆ ಗಾಡಿಯನ್ನು ಒಲೆಯತ್ತ ಹಿಂದಕ್ಕೆ ತಳ್ಳುತ್ತ ಬಂದ. ಒಲೆಯ ಮೇಲೆ ಗಂಜಿ ಕೊತಕೊತ ಕುದಿಯುತ್ತಿತ್ತು.

"ಏ ತಮ್ಮಾ, ನಿಂದರೋ! ಹಿಂದ ಬೆಂಕಿ ಐತಿ, ಕಣ್ಣ ಕಾಣಂಗಿಲ್ಲೇನ್?"

ಬೈಕು ನಿಂತಿತು. ಉಣ್ಣುತ್ತಿದ್ದವರೆಲ್ಲ ಚಮಚ ಹಿಡಿದುಕೊಂಡೇ ಅವಳತ್ತ ತಿರುಗಿದರು. ಊರಿನ ಮಾತು ಜಾರಿಬಿಟ್ಟಿತ್ತು; ಲಾಯ್ ಕೈಯಿಂದ ಬಾಯಿ ಮುಚ್ಚಿಕೊಂಡಳು. ಒಲೆಯ ಪಕ್ಕದಲ್ಲೇ ಕೂತಿದ್ದವನು ಖ್ವಾತ್ ಅಜ್ಜ. ಅವನ ಬಾಯಿಗೆ ಸಿಕ್ಕಿ ಬಚಾವಾದವರು ಆ ಗಲ್ಲಿಯಲ್ಲಿ ಇರಲಿಲ್ಲ.

"ಓಹೋ! ಮರದ ಮೀನಾ ನೀನು?"

"ಹೌದು," ಎಂದಳು. "ಅದಕ್ಕೇನೀಗ?"

"ಅದಕ್ಕೇನಾ? ಸೈನ್ಯದಲ್ಲಿದ್ದಾಗ ನಿಮ್ಮ ಸೀಮೆ ಮುದುಕಿ ಕೈಯ ಗಂಜಿ ಉಂಡವನು ಕಣಮ್ಮ ನಾನು. ಖಾರಕ್ಕೆ ಕಣ್ಣು ಮೂಗೆಲ್ಲ ನೀರು! ಇಷ್ಟು ವರ್ಷ ನಮಗೆ ರೋಗಿಗಳ ಗಂಜಿ ಕುಡಿಸಿದ್ದೀಯಲ್ಲ, ನಾಚಿಕೆ ಆಗಲ್ವಾ?"

ಎಲ್ಲರೂ ಗೊಳ್ಳೆಂದು ನಕ್ಕರು. ಲಾಯಿಗೂ ನಗು ತಡೆಯಲಾಗಲಿಲ್ಲ.

"ಖಾರ ಹಾಕಿದ್ರ ನೀವು ಹನೋಯಿ ಮಂದಿ ತಿಂತೀರೇನ್ ಅಜ್ಜಾ?"

"ಹಾಕಿ ನೋಡು!"

ತನ್ನ ಊಟಕ್ಕೆಂದು ಮೇಜಿನಡಿ ಇಟ್ಟುಕೊಂಡಿದ್ದ ಮೆಣಸಿನ ಖಾರವನ್ನು ಲಾಯ್ ಧಾರಾಳವಾಗಿ ಸುರಿದಳು. ಅಜ್ಜ ಉಂಡ. ಕಿವಿ ಕೆಂಪಾಯಿತು, ಬೋಳುತಲೆ ಬೆವರಿತು.

"ಅಯ್ಯಯ್ಯಪ್ಪಾ..." ಎಂದು ಮೂಗೊರೆಸಿಕೊಂಡ. "ಇನ್ನೊಂದು ಬಟ್ಟಲು ಹಾಕಮ್ಮ."

ಆ ಮಧ್ಯಾಹ್ನ ಪಾತ್ರೆ ತೊಳೆಯುತ್ತ ಲಾಯ್ ಊರಿನ ಅಕ್ಕನಿಗೆ ಫೋನು ಹಚ್ಚಿದಳು.

"ಯಾಕ ಇಷ್ಟ ಜೋರ ಮಾತಾಡ್ಲಿಕತ್ತಿ?" ಅಕ್ಕ ಗಾಬರಿಯಾದಳು. "ಮಂದಿ ಕೇಳ್ತಾರ!"

"ಕೇಳ್ಲಿ ಬಿಡ," ಎಂದು ಲಾಯ್ ನಲ್ಲಿಯ ಸದ್ದನ್ನೂ ಮೀರಿಸುವಂತೆ ಕೂಗಿದಳು. "ಅದಿರ್ಲಿ, ಈ ಸಲ ಮೆಣಸಿನಕಾಯಿ ಹ್ಯಾಂಗ ಬಂದಾವ?"